ಲಾಡಿಹುಳು ಸೋಂಕಿಗೆ ಔಷಧೋಪಚಾರ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

(ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅವಗಾಹನೆಗೆ)

ಫೆಬ್ರವರಿ 10 ಮತ್ತು ಆಗಸ್ಟ್ 10 ರಾಷ್ಟ್ರೀಯ ಜಂತುಹುಳು ನಿವಾರಣಾ ದಿನಕ್ಕೆ ನಿಗದಿಯಾದ ದಿನಾಂಕಗಳು. 2015ರಲ್ಲಿ ಆರಂಭವಾದ ಈ ಕಾರ್ಯಕ್ರಮದಡಿ ಅಂಗನವಾಡಿ, ಶಾಲೆ ಮತ್ತು ಕಾಲೇಜುಗಳಲ್ಲಿ 1ರಿಂದ 19 ವರ್ಷದೊಳಗಿನವರಿಗೆ ಅಲ್ಬೆಂಡಜೋಲ್ ಮಾತ್ರೆಯನ್ನು ನೀಡಲಾಗುತ್ತದೆ. 2 ವರ್ಷದೊಳಗಿನ ಮಕ್ಕಳಿಗೆ 200 ಮಿ.ಗ್ರಾಂ, ಅದಕ್ಕೆ ಮೇಲ್ಪಟ್ಟವರಿಗೆ 400 ಮಿ.ಗ್ರಾಂ ಪ್ರಮಾಣದ ಒಂದೇ ಬಾರಿಯ ಮಾತ್ರೆ ಇದು. ಈ ಕಾರ್ಯಕ್ರಮದಲ್ಲಿ ಸದಸ್ಯರು ಪಾಲ್ಗೊಳ್ಳುವುದು ಸಂತೋಷದ ವಿಷಯ. ಅದು ಹೀಗೆಯೇ ಮುಂದುವರಿಯಬೇಕು. ಆದರೆ ಆ ದಿನ ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿರುವ ಎಲ್ಲ ಬಗೆಯ ಹುಳುಗಳಿಗೂ ಮದ್ದಾಯಿತೆಂಬ ಗ್ರಹಿಕೆ ಜನರಲ್ಲಿದೆ. ಅದು ಸರಿಯಲ್ಲ. ಆ ಮಾತ್ರೆಯ ಗುರಿ ಮಣ್ಣಿನ ಮೂಲಕ ಹರಡುವ ದುಂಡುಹುಳು, ಕೊಕ್ಕೆಹುಳು ಮತ್ತು ಚಾವಟಿಹುಳು. ಲಾಡಿಹುಳುವಿನ ಜಾತಿ ಬೇರೆ, ಅದಕ್ಕೆ ಬೇಕಾದ ಔಷಧ ಬೇರೆ, ಆ ಔಷಧ ನೀಡುವ ಮುನ್ನ ವಹಿಸಬೇಕಾದ ಎಚ್ಚರವೂ ಬೇರೆ. ಈ ವ್ಯತ್ಯಾಸವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಲಾಡಿಹುಳುವಿನ ಸ್ವರೂಪ

ಲಂಗ, ಪಾಯಿಜಾಮಗಳಿಗೆ ಹಾಕುವ ಲಾಡಿಯಂತೆ ಚಪ್ಪಟೆಯಾಗಿ, ಉದ್ದವಾಗಿ ಇರುವುದರಿಂದ ಈ ಹುಳುವಿಗೆ ಲಾಡಿಹುಳು ಎಂಬ ಹೆಸರು ಬಂದಿದೆ. ಮನುಷ್ಯನ ಸಣ್ಣ ಕರುಳಿನ ಗೋಡೆಗೆ ಅದರ ಪುಟ್ಟ ತಲೆ ಕಚ್ಚಿಕೊಂಡಿರುತ್ತದೆ. ತಲೆಯ ಹಿಂದಿನ ಕುತ್ತಿಗೆಯಿಂದ ಒಂದರ ಹಿಂದೆ ಒಂದರಂತೆ ಹೊಸ ಖಂಡಗಳು ಬೆಳೆಯುತ್ತ ಹೋಗುತ್ತವೆ. ತುದಿಯಲ್ಲಿ ಬಲಿತ ಖಂಡಗಳು ಕಳಚಿಕೊಂಡು ಮಲದೊಡನೆ ಹೊರಬರುತ್ತವೆ. ಈ ಹುಳುವಿಗೆ ಬಾಯಿಯಾಗಲಿ, ಕರುಳಾಗಲಿ ಇಲ್ಲ. ನಾವು ಜೀರ್ಣಿಸಿದ ಆಹಾರವನ್ನೇ ಅದು ಮೈಯ ಹೊರಪದರದಿಂದ ಹೀರಿಕೊಳ್ಳುತ್ತದೆ.

ನಮ್ಮ ಗಮನಕ್ಕೆ ಬರಬೇಕಾದ ಬಗೆಗಳು ಮೂರು. ಮೊದಲನೆಯದು ಹಂದಿ ಲಾಡಿಹುಳು. ಸಾಮಾನ್ಯವಾಗಿ 2ರಿಂದ 7 ಮೀಟರ್ ಉದ್ದವಿರುತ್ತದೆ. ಎರಡನೆಯದು ದನದ ಲಾಡಿಹುಳು. ಇದು ಇನ್ನೂ ಉದ್ದ. ಕೋಶಗಳಿರುವ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಕರುಳಿನಲ್ಲಿ ಇವು ಬೆಳೆಯುತ್ತವೆ. ಮೂರನೆಯದು ಗಿಡ್ಡ ಲಾಡಿಹುಳು. ಕೆಲವೇ ಸೆಂಟಿಮೀಟರ್ ಉದ್ದದ ಇದು ಮಾಂಸದ ಮೂಲಕವಲ್ಲ, ಕೊಳಕು ಕೈಗಳ ಮೂಲಕ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ ಮತ್ತು ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸುತ್ತದೆ.

ಕರುಳಿನಲ್ಲಿರುವ ಲಾಡಿಹುಳು ಹಲವರಲ್ಲಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಕೆಲವರಿಗೆ ಹೊಟ್ಟೆನೋವು, ಓಕರಿಕೆ, ಹಸಿವಿನಲ್ಲಿ ಏರುಪೇರು ಇರಬಹುದು. ಮಲದಲ್ಲಿ ಬಿಳಿಯ ಚಪ್ಪಟೆ ತುಂಡುಗಳು ಕಂಡಾಗಲೇ ಬಹುತೇಕರಿಗೆ ವಿಷಯ ತಿಳಿಯುವುದು. ತೊಂದರೆಯಿಲ್ಲದ ಕಾರಣ ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ಉಳಿಯುವವರಿದ್ದಾರೆ. ಹೀಗೆ ಉಳಿಯುವುದು, ಹಂದಿ ಲಾಡಿಹುಳುವಿನ ವಿಷಯದಲ್ಲಂತೂ, ಅವರಿಗೂ ಸುತ್ತಲಿನವರಿಗೂ ಅಪಾಯಕಾರಿ.

ಕರುಳಿನ ಹುಳುವಿಗೂ ಮೂರ್ಛೆರೋಗಕ್ಕೂ ಇರುವ ಸಂಬಂಧ

ಹಂದಿ ಲಾಡಿಹುಳುವಿನ ಒಂದೊಂದು ಬಲಿತ ಖಂಡದಲ್ಲಿ ಸುಮಾರು 50,000 ಮೊಟ್ಟೆಗಳಿರುತ್ತವೆ. ಬಯಲಿನಲ್ಲಿ ಬಿದ್ದ ಮಲವನ್ನು ಹಂದಿ ತಿಂದಾಗ ಮೊಟ್ಟೆಯೊಡೆದು ಮರಿಗಳು ಹಂದಿಯ ಮಾಂಸಖಂಡಗಳನ್ನು ಸೇರಿ ನೀರುಗುಳ್ಳೆಯಂಥ ಕೋಶಗಳಾಗುತ್ತವೆ. ಆ ಮಾಂಸವನ್ನು ಅರೆಬೇಯಿಸಿ ತಿಂದ ಮನುಷ್ಯನಲ್ಲಿ ಮತ್ತೆ ಲಾಡಿಹುಳು ಬೆಳೆಯುತ್ತದೆ. ಇದು ಹುಳುವಿನ ಸಹಜ ಚಕ್ರ.

ಅದೇ ಮೊಟ್ಟೆಗಳು ಮನುಷ್ಯನ ಬಾಯಿಗೆ ಸೇರಿದರೆ ಮನುಷ್ಯನೇ ಹಂದಿಯ ಸ್ಥಾನದಲ್ಲಿ ನಿಲ್ಲುತ್ತಾನೆ. ಮರಿಗಳು ರಕ್ತದ ಮೂಲಕ ಹೋಗಿ ಮಾಂಸಖಂಡ, ಕಣ್ಣು ಮತ್ತು ಮಿದುಳಿನಲ್ಲಿ ಕೋಶಗಳಾಗುತ್ತವೆ. ಮಿದುಳಿನಲ್ಲಿ ಕೂತ ಕೋಶ ಮೂರ್ಛೆರೋಗಕ್ಕೆ ಕಾರಣವಾಗುತ್ತದೆ. ಜನರೂ ಬಿಡಾಡಿ ಹಂದಿಗಳೂ ಒಟ್ಟಿಗೆ ಇರುವ ಸೋಂಕುಪೀಡಿತ ಪ್ರದೇಶಗಳಲ್ಲಿ ಮೂರ್ಛೆರೋಗದ ಸುಮಾರು ಶೇ. 30ರಷ್ಟು ಪ್ರಕರಣಗಳಿಗೆ ಈ ಹುಳುವೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದನದ ಲಾಡಿಹುಳುವಿನ ಮೊಟ್ಟೆಗಳಿಂದ ಮನುಷ್ಯನ ಮಿದುಳಿಗೆ ಈ ಬಾಧೆ ಬರುವುದಿಲ್ಲ.

ಇಲ್ಲಿ ಒಂದು ಅಂಶವನ್ನು ಸ್ಪಷ್ಟವಾಗಿ ಗ್ರಹಿಸಬೇಕು. ಹಂದಿ ಮಾಂಸ ತಿನ್ನುವುದರಿಂದ ಕರುಳಿಗೆ ಲಾಡಿಹುಳು ಬರಬಹುದು. ಮಿದುಳಿನ ಕೋಶ ಬರುವುದು ಮನುಷ್ಯನ ಮಲದಲ್ಲಿರುವ ಮೊಟ್ಟೆಯಿಂದ. ಆದ್ದರಿಂದ ಎಂದೂ ಮಾಂಸ ಮುಟ್ಟದ ಮನೆಯ ಮಗುವಿಗೂ ಈ ಕಾಯಿಲೆ ಬರಬಹುದು. 1990-91ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ, ಧರ್ಮಾಚರಣೆಯ ಕಾರಣ ಹಂದಿ ಮಾಂಸವನ್ನೇ ಸೇವಿಸದ ಯಹೂದಿ ಸಮುದಾಯದ ನಾಲ್ವರಲ್ಲಿ ಮಿದುಳಿನ ಕೋಶಗಳು ಪತ್ತೆಯಾದವು. ಮನೆಗೆಲಸಕ್ಕೆ ಬರುತ್ತಿದ್ದವರಲ್ಲಿದ್ದ ಲಾಡಿಹುಳು ಸೋಂಕೇ ಇದಕ್ಕೆ ಮೂಲವಿರಬೇಕೆಂದು ತನಿಖೆ ನಡೆಸಿದ ವೈದ್ಯರು ತೀರ್ಮಾನಿಸಿದರು. ಇದರಿಂದ ಕಲಿಯಬೇಕಾದುದು ಅಡುಗೆಯವರನ್ನು ದೂರುವುದನ್ನಲ್ಲ. ಸೋಂಕಿರುವ ಒಬ್ಬರಿಗೆ ಸಕಾಲದಲ್ಲಿ ಔಷಧ ಸಿಕ್ಕರೆ ಅನೇಕರ ಮಿದುಳು ಉಳಿಯುತ್ತದೆ ಎಂಬುದೇ ಇದರ ಪಾಠ.

ಬಳಕೆಯಲ್ಲಿರುವ ಔಷಧಗಳು

ಕರುಳಿನ ಲಾಡಿಹುಳುವಿಗೆ ಮುಖ್ಯವಾಗಿ ಎರಡು ಔಷಧಗಳಿವೆ: ಪ್ರಾಜಿಕ್ವಾಂಟೆಲ್ ಮತ್ತು ನಿಕ್ಲೋಸಮೈಡ್. ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿವೆ. ಯಾವುದನ್ನು, ಎಷ್ಟು ಕೊಡಬೇಕೆಂದು ನಿರ್ಧರಿಸುವುದು ವೈದ್ಯಾಧಿಕಾರಿಗಳ ಕೆಲಸ. ಕೆಳಗಿನ ವಿವರವನ್ನು ನೀಡಿರುವುದು ಸದಸ್ಯರು ಚಿಕಿತ್ಸೆಯ ಕ್ರಮವನ್ನು ಅರ್ಥಮಾಡಿಕೊಳ್ಳಲಿ ಎಂಬುದಕ್ಕಾಗಿ ಮಾತ್ರ.

ಪ್ರಾಜಿಕ್ವಾಂಟೆಲ್ ಹುಳುವಿನ ಜೀವಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗುವಂತೆ ಮಾಡುತ್ತದೆ. ಇದರಿಂದ ಹುಳುವಿನ ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಹೊರಪದರ ಹಾಳಾಗುತ್ತದೆ, ಕರುಳಿನ ಗೋಡೆಯ ಹಿಡಿತ ತಪ್ಪುತ್ತದೆ. ಹಂದಿ ಮತ್ತು ದನದ ಲಾಡಿಹುಳುಗಳಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 5ರಿಂದ 10 ಮಿ.ಗ್ರಾಂನಂತೆ ಒಂದೇ ಬಾರಿ ಕೊಡುವುದು ರೂಢಿ. ಕಿಲೋಗ್ರಾಂಗೆ 10 ಮಿ.ಗ್ರಾಂ ಎಂದು ಲೆಕ್ಕ ಹಾಕಿದರೆ, 60 ಕಿಲೋಗ್ರಾಂ ತೂಕದವರಿಗೆ 600 ಮಿ.ಗ್ರಾಂನ ಒಂದು ಮಾತ್ರೆ ಸಾಕಾಗುತ್ತದೆ. ಮಾತ್ರೆ ಬಹಳ ಕಹಿ. ಆದ್ದರಿಂದ ಅಗಿಯದೆ, ಊಟದೊಂದಿಗೆ ನೀರು ಕುಡಿದು ನುಂಗಬೇಕು. ತಲೆಸುತ್ತು ಬರಬಹುದಾದ್ದರಿಂದ ಆ ದಿನವೂ ಮರುದಿನವೂ ವಾಹನ ಓಡಿಸುವುದು, ಮರ ಹತ್ತುವುದು, ಯಂತ್ರಗಳೊಡನೆ ಕೆಲಸ ಮಾಡುವುದು ಬೇಡ.

ನಿಕ್ಲೋಸಮೈಡ್ ಹುಳು ತನಗೆ ಬೇಕಾದ ಶಕ್ತಿಯನ್ನು ಉತ್ಪಾದಿಸಿಕೊಳ್ಳುವ ಕ್ರಿಯೆಯನ್ನೇ ತಡೆಯುತ್ತದೆ. ವಯಸ್ಕರಿಗೆ ಇದರ ಪ್ರಮಾಣ ಒಂದೇ ಬಾರಿಗೆ 2 ಗ್ರಾಂ. ಮಕ್ಕಳಿಗೆ ತೂಕಕ್ಕೆ ತಕ್ಕಂತೆ ಕಡಿಮೆ. ಇದನ್ನು ಚೆನ್ನಾಗಿ ಅಗಿದು ನುಂಗಬೇಕು. ಸಣ್ಣ ಮಕ್ಕಳಿಗೆ ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡುತ್ತಾರೆ. ಒಂದನ್ನು ಅಗಿಯಬಾರದು, ಇನ್ನೊಂದನ್ನು ಅಗಿಯಲೇಬೇಕು ಎಂಬ ವ್ಯತ್ಯಾಸವನ್ನು ಆಶಾ ಕಾರ್ಯಕರ್ತೆಯರು ಮನೆಯವರಿಗೆ ತಿಳಿಹೇಳಬೇಕು. ನಿಕ್ಲೋಸಮೈಡ್ ಸೇವಿಸುವಾಗ ಮದ್ಯಪಾನ ಸಲ್ಲದು. ಈ ಔಷಧ ಕರುಳಿನಿಂದ ರಕ್ತಕ್ಕೆ ಬಹಳ ಕಡಿಮೆ ಸೇರುತ್ತದೆ. ಬಹುಪಾಲು ಕರುಳಿನಲ್ಲೇ ಇದ್ದು ಕೆಲಸ ಮಾಡುತ್ತದೆ. ಈ ಗುಣದ ಮಹತ್ವ ಮುಂದಿನ ಭಾಗದಲ್ಲಿ ತಿಳಿಯುತ್ತದೆ.

ಇವೆರಡೂ ಸಿಗದಿದ್ದಾಗ ಅಲ್ಬೆಂಡಜೋಲ್ 400 ಮಿ.ಗ್ರಾಂ ಮಾತ್ರೆಯನ್ನು ಸತತ ಮೂರು ದಿನ ನೀಡುವ ಕ್ರಮವೂ ಇದೆ. ಹಂದಿ ಲಾಡಿಹುಳು ನಿಯಂತ್ರಣಕ್ಕಾಗಿ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಮೂರು ಔಷಧಗಳೂ ಇವೆ. ಶಾಲೆಯಲ್ಲಿ ನೀಡುವ ಒಂದೇ ಮಾತ್ರೆ ಇದಕ್ಕೆ ಸಮನಲ್ಲ ಎಂಬುದನ್ನು ಗಮನಿಸಬೇಕು.

ಮಾತ್ರೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಕರುಳಿನಲ್ಲಿ ಹಂದಿ ಲಾಡಿಹುಳು ಇರುವವರ ಮಿದುಳಿನಲ್ಲಿ, ಅವರಿಗೇ ಗೊತ್ತಿಲ್ಲದಂತೆ, ಕೋಶಗಳೂ ಇರಬಹುದು. ತಮ್ಮದೇ ಕೈಯಿಂದ ಮೊಟ್ಟೆಗಳು ಬಾಯಿಗೆ ಸೇರುವ ಸಂಭವ ಅವರಿಗೇ ಎಲ್ಲರಿಗಿಂತ ಹೆಚ್ಚು. ಪ್ರಾಜಿಕ್ವಾಂಟೆಲ್ ಮತ್ತು ಅಲ್ಬೆಂಡಜೋಲ್ ರಕ್ತದ ಮೂಲಕ ಮಿದುಳನ್ನೂ ತಲುಪುತ್ತವೆ. ಅಲ್ಲಿನ ಕೋಶ ಸಾಯಲು ತೊಡಗಿದಾಗ ಅದರ ಸುತ್ತ ಉರಿಯೂತ ಉಂಟಾಗಿ ತೀವ್ರ ತಲೆನೋವು ಅಥವಾ ಫಿಟ್ಸ್ ಬರಬಹುದು. ಕಣ್ಣಿನೊಳಗೆ ಕೋಶವಿದ್ದರೆ ದೃಷ್ಟಿಗೇ ಅಪಾಯ. ರಕ್ತಕ್ಕೆ ಹೆಚ್ಚು ಸೇರದ ನಿಕ್ಲೋಸಮೈಡ್‌ನಲ್ಲಿ ಈ ಅಪಾಯವಿಲ್ಲವೆಂಬ ಕಾರಣಕ್ಕೆ ಹಲವು ಸಂದರ್ಭಗಳಲ್ಲಿ ವೈದ್ಯರು ಅದನ್ನು ಆರಿಸಿಕೊಳ್ಳುತ್ತಾರೆ.

ಆದ್ದರಿಂದ ಔಷಧಿ ಅಂಗಡಿಯಲ್ಲಿ 'ಹುಳದ ಮಾತ್ರೆ ಕೊಡಿ' ಎಂದು ಕೇಳಿ ತರುವ ಪದ್ಧತಿ ಲಾಡಿಹುಳುವಿಗೆ ಹೊಂದುವುದಿಲ್ಲ. ಮಾತ್ರೆ ಕೊಡುವ ಮುನ್ನ ಆರೋಗ್ಯ ಸಿಬ್ಬಂದಿ ಈ ಕೆಳಗಿನ ವಿಷಯಗಳನ್ನು ವಿಚಾರಿಸಬೇಕು:

1. ಎಂದಾದರೂ ಫಿಟ್ಸ್ ಬಂದಿದೆಯೇ? ಪದೇ ಪದೇ ತೀವ್ರ ತಲೆನೋವು, ವಾಂತಿ, ದೃಷ್ಟಿ ಮಂಜಾಗುವುದು ಇದೆಯೇ?
2. ಚರ್ಮದ ಕೆಳಗೆ ನೋವಿಲ್ಲದ ಸಣ್ಣ ಗಂಟುಗಳು ಕೈಗೆ ಸಿಗುತ್ತವೆಯೇ?
3. ಬೇರೆ ಯಾವ ಔಷಧ ಸೇವಿಸುತ್ತಿದ್ದಾರೆ? ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಇದ್ದಾಗ ಪ್ರಾಜಿಕ್ವಾಂಟೆಲ್ ಕೊಡುವಂತಿಲ್ಲ. ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್ ಮಾತ್ರೆಗಳು ಅದರ ಪರಿಣಾಮವನ್ನು ಕುಗ್ಗಿಸುತ್ತವೆ.
4. ಮಹಿಳೆಯಾಗಿದ್ದರೆ ಗರ್ಭಿಣಿಯೇ, ಹಾಲೂಡಿಸುವ ತಾಯಿಯೇ?

ಮೊದಲ ಎರಡು ಪ್ರಶ್ನೆಗಳಲ್ಲಿ ಯಾವುದಕ್ಕಾದರೂ 'ಹೌದು' ಎಂಬ ಉತ್ತರ ಬಂದರೆ, ಅವರನ್ನು ಸ್ಕ್ಯಾನ್ ಸೌಲಭ್ಯವಿರುವ ಜಿಲ್ಲಾ ಆಸ್ಪತ್ರೆಗೆ ಕಳುಹಿಸಬೇಕು. ಮಿದುಳಿನ ಕೋಶದ ಚಿಕಿತ್ಸೆ ಕರುಳಿನ ಹುಳುವಿನ ಚಿಕಿತ್ಸೆಯಂತಲ್ಲ. ಮೊದಲು ಫಿಟ್ಸ್ ತಡೆಯುವ ಮಾತ್ರೆ, ಉರಿಯೂತ ತಗ್ಗಿಸುವ ಸ್ಟಿರಾಯ್ಡ್, ಅನಂತರ ಅಗತ್ಯವಿದ್ದರೆ ಮಾತ್ರ ಹುಳುನಾಶಕ ಎಂಬ ಕ್ರಮವನ್ನು ತಜ್ಞರು ಅನುಸರಿಸುತ್ತಾರೆ. ಮಿದುಳು ಊದಿಕೊಂಡಿರುವಾಗ ಹುಳುನಾಶಕ ಕೊಡುವುದೇ ಅಪಾಯ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಇದಕ್ಕೆ ಪರಿಣತ ಚಿಕಿತ್ಸೆ ದೊರೆಯುತ್ತದೆ.

ಗ್ರಾಮಗಳಲ್ಲಿ ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಬಳಿಕ ಮಂತ್ರ ತಂತ್ರಗಳಿಗೆ ಮೊರೆಹೋಗುವುದು ಇನ್ನೂ ನಡೆದಿದೆ. ವಿಶೇಷವಾಗಿ ಹೆಣ್ಣುಮಕ್ಕಳ ಮನೆಯವರು ಮದುವೆಯ ಚಿಂತೆಯಿಂದ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಕೋಶದಿಂದ ಬಂದ ಮೂರ್ಛೆರೋಗಕ್ಕೆ ಚಿಕಿತ್ಸೆಯಿದೆ, ಅದು ಶಾಪವೂ ಅಲ್ಲ, ವಂಶದ ಕಳಂಕವೂ ಅಲ್ಲ ಎಂಬ ಮಾತನ್ನು ಜನ ತಮ್ಮ ವಾರ್ಡಿನ ಸದಸ್ಯರ ಬಾಯಿಂದ ಕೇಳಿದರೆ ಅದಕ್ಕೆ ಬೆಲೆ ಹೆಚ್ಚು.

ಚಿಕಿತ್ಸೆಯ ನಂತರ

ಮಾತ್ರೆ ಸೇವಿಸಿದ ಬಳಿಕ 'ಹುಳು ಬೀಳಲಿಲ್ಲ, ಮದ್ದು ಹತ್ತಲಿಲ್ಲ' ಎಂದು ಕೆಲವರು ದೂರುವುದುಂಟು. ಸತ್ತ ಹುಳು ಕರುಳಿನಲ್ಲೇ ಭಾಗಶಃ ಜೀರ್ಣವಾಗುವುದರಿಂದ ಅದು ಇಡಿಯಾಗಿ ಕಾಣಿಸದಿರಬಹುದು. ಇನ್ನೊಂದು ಕಡೆ, ಉದ್ದದ ತುಂಡೊಂದು ಬಿದ್ದ ಮಾತ್ರಕ್ಕೆ ಗುಣವಾಯಿತೆಂದೂ ಹೇಳಲಾಗದು. ತಲೆ ಮತ್ತು ಕುತ್ತಿಗೆ ಉಳಿದರೆ ಹುಳು ಮತ್ತೆ ಬೆಳೆಯುತ್ತದೆ. ಹಾಗಾಗಿ ಚಿಕಿತ್ಸೆಯ 1 ತಿಂಗಳು ಮತ್ತು 3 ತಿಂಗಳ ನಂತರ ಮಲಪರೀಕ್ಷೆ ಮಾಡಿಸುವುದು ಸೂಕ್ತ. ಮೊಟ್ಟೆಗಳು ಪ್ರತಿದಿನವೂ ಮಲದಲ್ಲಿ ಕಾಣುವುದಿಲ್ಲ. ಒಂದು ದಿನದ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಅದೇ ಅಂತಿಮವಲ್ಲ.

ಔಷಧ ಹುಳುವನ್ನು ಕೊಲ್ಲುತ್ತದೆಯೇ ಹೊರತು ಮೊಟ್ಟೆಗಳನ್ನಲ್ಲ. ಚಿಕಿತ್ಸೆ ಪಡೆದವರು ಮುಂದಿನ ಕೆಲವು ದಿನ ಕಡ್ಡಾಯವಾಗಿ ಶೌಚಾಲಯವನ್ನೇ ಬಳಸಬೇಕು, ಸೋಪಿನಿಂದ ಕೈತೊಳೆಯಬೇಕು. ಬಯಲಿಗೆ ಹೋದರೆ ಮಾತ್ರೆಯಿಂದ ಆದ ಪ್ರಯೋಜನ ಅವರೊಬ್ಬರಿಗೆ ಸೀಮಿತವಾಗಿ, ಊರಿಗೆ ಅಪಾಯ ಉಳಿಯುತ್ತದೆ.

ಗಿಡ್ಡ ಲಾಡಿಹುಳುವಿನ ಚಿಕಿತ್ಸೆಯ ಲೆಕ್ಕ ಬೇರೆ. ಇದಕ್ಕೆ ಪ್ರಾಜಿಕ್ವಾಂಟೆಲ್ ಪ್ರಮಾಣ ಕಿಲೋಗ್ರಾಂಗೆ 25 ಮಿ.ಗ್ರಾಂ, ಅಂದರೆ 24 ಕಿಲೋಗ್ರಾಂ ತೂಕದ ಮಗುವಿಗೆ 600 ಮಿ.ಗ್ರಾಂ. ನಿಕ್ಲೋಸಮೈಡ್ ಆದರೆ ಒಂದೇ ಬಾರಿ ಸಾಲದು, ಒಂದು ವಾರ ಕೊಡಬೇಕಾಗುತ್ತದೆ. ಕರುಳಿನ ಗೋಡೆಯೊಳಗೆ ಅಡಗಿರುವ ಮರಿಗಳನ್ನು ಅದು ಮುಟ್ಟುವುದಿಲ್ಲ. ಅವು ಹೊರಬರುವವರೆಗೂ ಔಷಧ ಮುಂದುವರಿಯಬೇಕು. ಮನೆಯಲ್ಲಿ ಒಬ್ಬ ಮಗುವಿಗೆ ಇದ್ದರೆ ಉಳಿದವರನ್ನೂ ಪರೀಕ್ಷಿಸುವುದು ಅಗತ್ಯ.

ಔಷಧದ ಜೊತೆಗೆ ಪಂಚಾಯಿತಿ ಮಾಡಬೇಕಾದ ಕೆಲಸ

ಮನುಷ್ಯರಿಗೆ ಮಾತ್ರೆ, ಹಂದಿಗಳಿಗೆ ಚಿಕಿತ್ಸೆ, ಹಂದಿಗಳಿಗೆ ಲಸಿಕೆ ಈ ಮೂರನ್ನೂ ಸೇರಿಸಿದರೆ ಫಲವೇನು ಎಂಬುದನ್ನು ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಪರೀಕ್ಷಿಸಲಾಯಿತು. ಅಲ್ಲಿನ ಟುಂಬೆಸ್ ಪ್ರಾಂತ್ಯದಲ್ಲಿ ಜನರಿಗೆ ನಿಕ್ಲೋಸಮೈಡ್, ಹಂದಿಗಳಿಗೆ ಆಕ್ಸ್‌ಫೆಂಡಜೋಲ್ ಮತ್ತು ಲಸಿಕೆ ನೀಡಿದ ಕಾರ್ಯಕ್ರಮದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. 107 ಗ್ರಾಮಗಳ ಪೈಕಿ 105ರಲ್ಲಿ ಒಂದು ವರ್ಷದ ನಂತರವೂ ಸೋಂಕು ಮರಳಿರಲಿಲ್ಲ. ಹಂದಿಗಳಿಗೆ ನೀಡುವ ಇದೇ ಬಗೆಯ ಲಸಿಕೆಯನ್ನು ಈಗ ನಮ್ಮ ನೆರೆಯ ಹೈದರಾಬಾದಿನಲ್ಲಿ ತಯಾರಿಸಲಾಗುತ್ತಿದೆ.

ನಮ್ಮಲ್ಲಿ ಸಾಮೂಹಿಕವಾಗಿ ಔಷಧ ನೀಡಬೇಕೇ ಎಂಬುದನ್ನು ಆರೋಗ್ಯ ಇಲಾಖೆ ನಿರ್ಧರಿಸಬೇಕು. ಆದರೆ ಮಲ ಹಂದಿಗೂ ತರಕಾರಿಗೂ ತಲುಪದಂತೆ ತಡೆಯುವುದು ನೇರವಾಗಿ ಗ್ರಾಮ ಪಂಚಾಯಿತಿಯ ಹೊಣೆ. ಈ ವಿಷಯದಲ್ಲಿ ಮೂರು ತಾಂತ್ರಿಕ ಅಂಶಗಳನ್ನು ಗಮನಿಸಬೇಕು.

ಮೊದಲನೆಯದಾಗಿ, ಕುಡಿಯುವ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕುವುದರಿಂದ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಆ ಪ್ರಮಾಣದ ಕ್ಲೋರಿನ್‌ಗೆ ಲಾಡಿಹುಳುವಿನ ಮೊಟ್ಟೆಗಳು ಬಗ್ಗುವುದಿಲ್ಲ. ಚೆನ್ನಾಗಿ ಕುದಿಸಿದ ನೀರು ಸುರಕ್ಷಿತ. ನೀರಿನ ಮೂಲಕ್ಕೆ ಚರಂಡಿಯ ನೀರು ಸೇರದಂತೆ ತಡೆಯುವುದೇ ನಿಜವಾದ ಪರಿಹಾರ.

ಎರಡನೆಯದಾಗಿ, ಅವಳಿ ಗುಂಡಿ ಶೌಚಾಲಯದಲ್ಲಿ ತುಂಬಿದ ಗುಂಡಿಯನ್ನು ಮುಚ್ಚಿ ಕನಿಷ್ಠ ಒಂದು ವರ್ಷ, ಸಾಧ್ಯವಿದ್ದರೆ ಎರಡು ವರ್ಷ ಬಿಡಬೇಕು. ಅದಕ್ಕೂ ಮೊದಲೇ ತೆರೆದು ಹೊಲಕ್ಕೆ ಹಾಕಿದರೆ ಜೀವಂತ ಮೊಟ್ಟೆಗಳನ್ನೇ ಬಿತ್ತಿದಂತೆ. ಎರಡೂ ಗುಂಡಿಗಳಿಗೆ ಒಮ್ಮೆಗೇ ಸಂಪರ್ಕ ಕೊಟ್ಟಿರುವ ಶೌಚಾಲಯಗಳಿದ್ದರೆ ಅವನ್ನು ಸರಿಪಡಿಸಬೇಕು.

ಮೂರನೆಯದಾಗಿ, ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ವಾಹನಗಳು ರಾತ್ರಿ ವೇಳೆ ಕೆರೆಯಂಗಳ, ಹಳ್ಳ ಅಥವಾ ತೋಟಗಳಿಗೆ ಮಲತ್ಯಾಜ್ಯ ಸುರಿಯುವುದನ್ನು ನಿಲ್ಲಿಸಬೇಕು. ಸೊಪ್ಪು, ಕೊತ್ತಂಬರಿ, ಮೂಲಂಗಿ, ಕ್ಯಾರೆಟ್‌ಗಳಂತೆ ಹಸಿಯಾಗಿ ತಿನ್ನುವ ಬೆಳೆಗಳಿಗೆ ಚರಂಡಿ ನೀರು ಹಾಯಿಸುವುದು ವಿಶೇಷವಾಗಿ ಅಪಾಯಕಾರಿ.

ಹಂದಿ ಸಾಕುವ ಕುಟುಂಬಗಳ ಬಗ್ಗೆ ಒಂದು ಮಾತು. ಈ ಕಾಯಿಲೆಯ ಹೆಸರಿನಲ್ಲಿ ಅವರನ್ನು ದೂಷಿಸುವುದಾಗಲಿ, ಊರಿನಿಂದ ಹೊರಗಿಡುವುದಾಗಲಿ ಸಲ್ಲದು. ಕಟ್ಟಿ ಸಾಕಿ, ಸ್ವಚ್ಛ ಆಹಾರ ಕೊಟ್ಟ ಹಂದಿಗೆ ಈ ಕೋಶ ಬರುವುದಿಲ್ಲ. ಮನುಷ್ಯರು ಬಯಲಿನಲ್ಲಿ ಬಿಟ್ಟ ಮಲವನ್ನು ತಿಂದ ಹಂದಿಗೆ ಬರುತ್ತದೆ. ಹಂದಿಗೂಡು ಕಟ್ಟಿಕೊಳ್ಳಲು ನೆರವು ದೊರಕಿಸಿ, ಪಶುವೈದ್ಯರಿಂದ ತಪಾಸಣೆ ಮಾಡಿಸಿದರೆ ಅವರ ಜೀವನೋಪಾಯವೂ ಉಳಿಯುತ್ತದೆ. ಮಾಂಸ ತಿನ್ನುವುದನ್ನು ಬಿಡಬೇಕೆಂದೂ ಇಲ್ಲ. ಕೊಡಗಿನ ಮನೆಗಳಲ್ಲಿ ಪಂದಿ ಕರಿಯನ್ನು ಬೇಯಿಸುವಂತೆ ಒಳಭಾಗದವರೆಗೂ ಚೆನ್ನಾಗಿ ಬೆಂದ ಮಾಂಸದಲ್ಲಿ ಕೋಶಗಳು ಬದುಕುವುದಿಲ್ಲ. ಕೆಂಡದ ಮೇಲೆ ಸುಟ್ಟು ಒಳಗೆ ಹಸಿಯಾಗಿ ಉಳಿದ ಮಾಂಸದಲ್ಲಿ ಅಪಾಯವಿದೆ.

ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

1. ಪ್ರಾಜಿಕ್ವಾಂಟೆಲ್ ಮತ್ತು ನಿಕ್ಲೋಸಮೈಡ್ ಎಲ್ಲ ಔಷಧಿ ಅಂಗಡಿಗಳಲ್ಲಿ ಸದಾ ಸಿಗುವಂಥವಲ್ಲ. ತಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಾಸ್ತಾನು ಇದೆಯೇ ಎಂದು ವೈದ್ಯಾಧಿಕಾರಿಗಳನ್ನು ವಿಚಾರಿಸುವುದು. ಇಲ್ಲದಿದ್ದಲ್ಲಿ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ವಿಷಯವನ್ನು ಮಂಡಿಸುವುದು.
2. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯ ಮುಂದಿನ ಸಭೆಯಲ್ಲಿ ಮೂರ್ಛೆರೋಗವಿರುವವರು ತಪಾಸಣೆಗೆ ಒಳಗಾಗಿದ್ದಾರೆಯೇ ಎಂದು ಆಶಾ ಕಾರ್ಯಕರ್ತೆಯರೊಂದಿಗೆ ಚರ್ಚಿಸುವುದು. ಹೆಸರುಗಳನ್ನು ಸಭೆಯಲ್ಲಿ ಬಹಿರಂಗಪಡಿಸಬಾರದು.
3. ಬಿಸಿಯೂಟ ಮತ್ತು ಅಂಗನವಾಡಿಗಳ ಅಡುಗೆ ಸಿಬ್ಬಂದಿ, ಹೋಟೆಲ್ ಕೆಲಸಗಾರರ ಮಲಪರೀಕ್ಷೆಗೆ ಆರೋಗ್ಯ ಕೇಂದ್ರದ ಸಹಕಾರದೊಂದಿಗೆ ವ್ಯವಸ್ಥೆ ಮಾಡುವುದು. ಸೋಂಕು ಕಂಡವರಿಗೆ ಚಿಕಿತ್ಸೆ ದೊರಕಬೇಕೇ ಹೊರತು ಅವರ ಕೆಲಸ ಹೋಗಬಾರದು.
4. ಅಡುಗೆಮನೆ ಮತ್ತು ಶೌಚಾಲಯಗಳ ಬಳಿ ನೀರು ಹಾಗೂ ಸೋಪು ಪ್ರತಿದಿನವೂ ಇರುವಂತೆ ನೋಡಿಕೊಳ್ಳುವುದು.
5. ಬಳಕೆಯಾಗದೆ ಉಳಿದಿರುವ ಶೌಚಾಲಯಗಳನ್ನು ವಾರ್ಡುವಾರು ಗುರುತಿಸಿ, ಕಾರಣವನ್ನು ದಾಖಲಿಸಿ, ದುರಸ್ತಿಯನ್ನು ಕ್ರಿಯಾಯೋಜನೆಯಲ್ಲಿ ಸೇರಿಸುವುದು.
6. ಜಂತುಹುಳು ನಿವಾರಣಾ ದಿನದಂದು ಪೋಷಕರಿಗೆ ಈ ಒಂದು ಮಾತನ್ನು ತಪ್ಪದೆ ತಿಳಿಸುವುದು: ಈ ಮಾತ್ರೆಯ ನಂತರವೂ ಮಲದಲ್ಲಿ ಬಿಳಿಯ ಚಪ್ಪಟೆ ತುಂಡುಗಳು ಕಂಡರೆ ಅಂಗಡಿಗೆ ಹೋಗದೆ ಆರೋಗ್ಯ ಕೇಂದ್ರಕ್ಕೆ ಬರಬೇಕು.

ಲಾಡಿಹುಳು ಸೋಂಕಿನ ಚಿಕಿತ್ಸೆ ಬಹುತೇಕ ಒಂದು ದಿನದಲ್ಲಿ ಮುಗಿಯುತ್ತದೆ. ಅದೇ ಹುಳುವಿನ ಮೊಟ್ಟೆ ಮಗುವೊಂದರ ಮಿದುಳು ಸೇರಿದರೆ ವರ್ಷಗಳ ಕಾಲ ಮಾತ್ರೆ, ಸ್ಕ್ಯಾನ್, ಶಾಲೆ ತಪ್ಪುವುದು, ಕೂಲಿ ಬಿಟ್ಟು ಆಸ್ಪತ್ರೆಗೆ ಅಲೆಯುವುದು ಆ ಕುಟುಂಬದ ಪಾಲಾಗುತ್ತದೆ. ಮಾನ್ಯ ಸದಸ್ಯರು ಮೇಲಿನ ಅಂಶಗಳನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಮತ್ತು ಗ್ರಾಮಸಭೆಯಲ್ಲಿ ಚರ್ಚೆಗೆ ತಂದು, ಸೂಕ್ತ ನಿರ್ಣಯ ಕೈಗೊಳ್ಳಬೇಕೆಂದು ಕೋರಲಾಗಿದೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ